ಶಾಮಣ್ಣನ ಆರು ಪೀಪಾಯಿ

ಅಮೆರಿಕದ ಸಿಯಾಟಲ್‌ಗೆ ಪೂರ್ವಕ್ಕಿರುವ ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟುಗಳಲ್ಲಿದ್ದ ಕನ್ನಡದವರ ಪೈಕಿ ವಿಸಿಟಿಂಗ್ ಕಾರ್ಡಿನ ಮೇಲೆ ‘ಅಧ್ಯಕ್ಷರು’ ಎಂದು ಅಚ್ಚು ಹಾಕಿಸಿಕೊಂಡಿದ್ದವನು ಶಾಮಣ್ಣ ಒಬ್ಬನೇ. ಯಾವುದಕ್ಕೆ ಅಧ್ಯಕ್ಷ ಅನ್ನುವುದು ಕಾರ್ಡಿನ ಹಿಂಬದಿಯಲ್ಲಿತ್ತು: ಈಸ್ಟ್‌ಸೈಡ್ ಕನ್ನಡ ನೈಜ ಏಲ್ ರಸಿಕರ ವೇದಿಕೆ. ಹೆಸರು ಉದ್ದವಾಗಿ ಮುಂಬದಿಯಲ್ಲಿ ಹಿಡಿಸಿರಲಿಲ್ಲ. ವೇದಿಕೆಗೆ ಸದಸ್ಯರು ಏಳು ಜನ, ಅದರಲ್ಲಿ ಆರು ಜನ ಪದಾಧಿಕಾರಿಗಳು. ಏಳನೆಯವನು, ತನ್ನನ್ನು ಬರೀ ಸದಸ್ಯ ಅಂದರಲ್ಲ ಎಂದು ಮುನಿಸಿಕೊಂಡು ಎರಡು ಸಭೆಗೆ ಬರಲಿಲ್ಲ. ‘ವಿಶೇಷ ಸದಸ್ಯ’ ಮಾಡಿದ ಮೇಲೆ ಬಂದ.

“ಕುಡಿಯೋದಕ್ಕೆ ಇಷ್ಟೊಂದು ಫೈಲ್ ಯಾಕ್ರೀ?” ಎಂದು ಹೆಂಡತಿ ಭಾನುಮತಿ ಕೇಳಿದ್ದಳು. “ಮದ್ದೂರಲ್ಲಿ ನಿಮ್ಮ ಸೋದರಮಾವ ಒಂದು ಚೀಟಿನೂ ಇಲ್ಲದೆ ಜೀವಮಾನ ಪೂರ್ತಿ ಕುಡಿದ್ರು.”

“ಅವರು ಕುಡೀತಿದ್ರು. ನಾನು ಸವಿಯೋನು,” ಎಂದ ಶಾಮಣ್ಣ, ಫೈಲಿಗೆ ಲೇಬಲ್ ಅಂಟಿಸುತ್ತಾ.

ಹೊಟ್ಟೆಪಾಡಿಗೆ ಅವನು ವಿಮಾನದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರು. ರೆಕ್ಕೆಗೆ ಹೊಡೆದ ರಿವೆಟ್ಟುಗಳನ್ನು ಟಾರ್ಚು ಹಿಡಿದು ನೋಡಿ ಸಹಿ ಹಾಕುವ ಕೆಲಸ. ಹತ್ತು ವರ್ಷದ ಹಿಂದೆ ಕಂಪನಿ ಅವನನ್ನು ನಾಲ್ಕು ತಿಂಗಳು ಇಂಗ್ಲೆಂಡಿಗೆ ಕಳಿಸಿತ್ತು. ಅಲ್ಲಿ ಸಂಜೆ ಹೊತ್ತು ಹೋಗಲು ಜಾಗವಿಲ್ಲದೆ ಮೂಲೆಯ ಪಬ್ಬಿಗೆ ಹೋಗಿ ಕೂತವನಿಗೆ ಪಬ್ಬಿನ ಮುದುಕ ಒಂದು ರಹಸ್ಯ ಹೇಳಿಕೊಟ್ಟ. ನಿಜವಾದ ಏಲ್, ಅಂದರೆ ಹಳೇ ಕಾಲದ ಇಂಗ್ಲಿಷ್ ಬಿಯರ್, ಪೀಪಾಯಿಯೊಳಗೇ ಜೀವಂತವಾಗಿರುತ್ತದೆ. ಅದಕ್ಕೆ ಗ್ಯಾಸ್ ತುಂಬಿಸುವ ಹಾಗಿಲ್ಲ, ಐಸಿನಷ್ಟು ತಣ್ಣಗೆ ಮಾಡುವ ಹಾಗಿಲ್ಲ. ಯೀಸ್ಟಿನ ಗಷ್ಟು ತಾನಾಗಿ ತಳಕ್ಕಿಳಿದು ತಿಳಿಯಾಗುವವರೆಗೆ ಪೀಪಾಯಿಯನ್ನು ಮುಟ್ಟುವ ಹಾಗೂ ಇಲ್ಲ. ಒಂದು ಪಾನೀಯಕ್ಕೆ ಇಷ್ಟು ಮಡಿ ಇರುವುದನ್ನು ಕೇಳಿ ಶಾಮಣ್ಣ ಶರಣಾಗಿಬಿಟ್ಟ. ಸಿಯಾಟಲ್‌ಗೆ ವಾಪಸಾದ ಮೇಲೆ, ಯಾರಾದರೂ ತಣ್ಣಗಿನ ಬಾಟಲಿ ಕೈಗೆ ಕೊಟ್ಟರೆ ಮೈಲಿಗೆಯಾದವನ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದ.

ಪ್ರತಿ ಶನಿವಾರ ಅವನು ಪಕ್ಕದ ಊರಾದ ಇಸ್ಸಾಕ್ವಾಕ್ಕೆ ಕಾರು ಹೊಡೆಯುತ್ತಿದ್ದ. ಅಲ್ಲಿ ವಾಲ್ಟ್ ಎಂಬ ಎಪ್ಪತ್ತರ ಮುದುಕ ಒಂದು ಶೆಡ್ಡಿನಲ್ಲಿ ಏಲ್ ಮಾಡಿ ಮುಂದಿನ ಕೋಣೆಯಲ್ಲಿ ಮಾರುತ್ತಿದ್ದ. ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಆ ವಾರದ ಆರು ಏಲುಗಳ ಹೆಸರು. ಆರು ವರ್ಷ ಆ ಹಲಗೆಯನ್ನು ನೋಡುತ್ತಾ ಕೂತಿದ್ದ ಶಾಮಣ್ಣನಿಗೆ ಬರಬರುತ್ತಾ ಬೇರೆ ಆಸೆಯೇ ಉಳಿಯಲಿಲ್ಲ. ತನ್ನದೊಂದು ಹೆಸರು ಅಲ್ಲಿ ಬೀಳಬೇಕು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೆಲ್ಲ ಹಾಕಿ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಒದ್ದಾಡಿ ಒಂದು ಏಲ್ ಮಾಡಿದ್ದ. ಹೆಸರು ‘ಮದ್ದೂರು ಮೈಲ್ಡ್’.

ವಾಲ್ಟ್ ಅದನ್ನು ಕುಡಿದು ಲೋಟವನ್ನು ಎತ್ತಿ ತಳ ನೋಡಿದ. ಆಮೇಲೆ, “ಶ್ಯಾಮ್, ಇದನ್ನ ಯಾರು ಕುಡೀತಾರೆ?” ಎಂದ.

“ನಮ್ಮ ಜನ ಕುಡೀತಾರೆ.”

“ಸರಿ ಹಾಗಾದ್ರೆ. ನಿಮ್ಮ ವೇದಿಕೆಯಿಂದ ಏಲ್ ಹಬ್ಬ ಮಾಡ್ತೀನಿ ಅಂತಿದೀಯಲ್ಲ, ಮಾಡು. ಐದು ಪೀಪಾಯಿ ನನ್ನದು ಕೊಡ್ತೀನಿ, ಆರನೇದರಲ್ಲಿ ನಿನ್ನ ರಾಗಿ ಮಾಡಿಕೊಡ್ತೀನಿ. ಐದು ಗಂಟೆಗೆ ಆ ಪೀಪಾಯಿ ಖಾಲಿ ಆಗಿದ್ರೆ ಹಲಗೆ ಮೇಲೆ ಹೆಸರು ಬರೀತೀನಿ. ಒಂದು ಲೋಟ ಉಳಿದಿದ್ರೂ ಇನ್ನೊಂದು ಸಲ ಆ ಮಾತು ಎತ್ತಬೇಡ.”

ಇದು 2007ರ ಮಾತು. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಕ್ರಾಸ್‌ರೋಡ್ಸ್ ಹತ್ತಿರದ ಒಂದು ಹಳೆಯ ಮರದ ಹಾಲ್ ಗೊತ್ತಾಯಿತು, ಪರ್ಮಿಟ್ಟೂ ಸಿಕ್ಕಿತು. ಐದಕ್ಕೆ ಪರ್ಮಿಟ್ ಮುಗಿಯುತ್ತದೆ. ಆಮೇಲೆ ಒಂದು ಹನಿ ಸುರಿಯುವ ಹಾಗಿಲ್ಲ.

ಪೂರ್ವಭಾವಿ ಸಭೆ ನಾಲ್ಕು ನಡೆದವು. ಮೊದಲ ಮೂರು ಸಭೆ ಪ್ರಾರ್ಥನೆಗೇ ಹೋದವು. ಕನ್ನಡದ ಕಾರ್ಯಕ್ರಮ ಪ್ರಾರ್ಥನೆಯಿಲ್ಲದೆ ಶುರುವಾಗುವುದು ಹೇಗೆ? ಪೀಪಾಯಿ ಮುಂದೆ ಗಣಪತಿ ಸ್ತುತಿ ಬೇಡ ಎಂದರು. ನಾಡಗೀತೆ ಹಾಡಿ ಆಮೇಲೆ ಕುಡಿದರೆ ಯಾರಾದರೂ ವಿಡಿಯೋ ಮಾಡಿ ಹಾಕಿಬಿಡುತ್ತಾರೆ ಎಂದರು. ಭಾವಗೀತೆ ಆಗಬಹುದೇ ಎಂದಾಗ, ಅದು ಕುಡಿದ ಮೇಲಿನದು ಎಂದು ವಿಶೇಷ ಸದಸ್ಯ ಹೇಳಿದ. ಕೊನೆಗೆ ಯಾರಿಗೂ ನೋವಾಗದ ಹಾಗೆ ಒಂದು ನಿಮಿಷ ಮೌನ ಆಚರಿಸುವುದೆಂದು ತೀರ್ಮಾನವಾಯಿತು.

ನಾಲ್ಕನೇ ಸಭೆಯಲ್ಲಿ ಖಜಾಂಚಿ ಈರಬಸಪ್ಪ ಕೈ ಎತ್ತಿದ. ಅವನು ತಿಪಟೂರಿನವನು, ಶುದ್ಧ ಸಸ್ಯಾಹಾರಿ, ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟುವವನಲ್ಲ. ಇಂಟರ್‌ನೆಟ್ಟಿನಿಂದ ಒಂದು ಹಾಳೆ ಪ್ರಿಂಟ್ ತೆಗೆದು ತಂದಿದ್ದ.

“ಶಾಮಣ್ಣೋರೆ, ಏಲ್ ಬೇಗ ತಿಳಿಯಾಗ್ಲಿ ಅಂತ ಅದಕ್ಕೇನೋ ಹಾಕ್ತಾರಂತಲ್ಲ, ಏನದು?”

ಶಾಮಣ್ಣ ಕೆಮ್ಮಿದ. “ಒಂಥರಾ ಅಂಟು.”

“ಮೀನಿನ ಹೊಟ್ಟೇಲಿರೋ ಗಾಳಿಚೀಲ ಅಂತ ಬರೆದೈತೆ ಇಲ್ಲಿ.”

ಏಳು ಜನರಲ್ಲಿ ನಾಲ್ಕು ಜನ ಸಸ್ಯಾಹಾರಿಗಳು. ವರ್ಷಗಟ್ಟಲೆ ವಾಲ್ಟನ ಏಲ್ ಕುಡಿದವರು. ಉಪಾಧ್ಯಕ್ಷ ಚಂದ್ರಶೇಖರ್ ಅಂತೂ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅದರಿಂದ ಕುರ್ಚಿ ಸರಿಸಿಕೊಂಡ.

“ಅದು ತಳಕ್ಕೆ ಹೋಗ್ಬಿಡುತ್ತೆ, ಲೋಟಕ್ಕೆ ಬರಲ್ಲ,” ಎಂದ ಶಾಮಣ್ಣ.

“ಸಾರಿನಾಗೆ ಮೀನು ತಳದಾಗೇ ಇರ್ತದೆ. ಹಂಗಂತ ಮೇಲಿನ ತಿಳಿ ನಮಗೆ ಬಡಿಸ್ತೀರಾ?” ಎಂದ ಈರಬಸಪ್ಪ. “ಕುಡಿಯೋದ್ರ ಬಗ್ಗೆ ನಮ್ಮದೇನೂ ತಕರಾರಿಲ್ಲ. ಮೀನಿನ ಬಗ್ಗೆ ಐತೆ.”

ಬರುವ ಅತಿಥಿಗಳಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳೇ. ಅವರು ಕುಡಿಯದಿದ್ದರೆ ಮದ್ದೂರು ಮೈಲ್ಡ್ ಖಾಲಿಯಾಗುವುದಿಲ್ಲ, ಖಾಲಿಯಾಗದಿದ್ದರೆ ಹಲಗೆ ಇಲ್ಲ. ಶಾಮಣ್ಣ ಮಾರನೇ ದಿನವೇ ಇಸ್ಸಾಕ್ವಾಕ್ಕೆ ಓಡಿ, ಮೀನಿಲ್ಲದೆ ಆರು ಪೀಪಾಯಿ ಬೇಕು ಎಂದು ಕೇಳಿದ. ಕಾರಣ ವಿವರಿಸಲು ಅರ್ಧ ಗಂಟೆ ಹಿಡಿಯಿತು.

“ಅಂದ್ರೆ ಕುಡಿಯೋದು ತಪ್ಪಲ್ಲ, ಆದ್ರೆ ಮೀನು ತಪ್ಪು,” ಎಂದ ವಾಲ್ಟ್ ನಿಧಾನವಾಗಿ. “ನನಗೆ ಗೊತ್ತಿರೋ ಪಾದ್ರಿ ಇದರ ತದ್ವಿರುದ್ಧ ಹೇಳ್ತಾರೆ. ಸರಿ, ಹಾಕಲ್ಲ. ಆದ್ರೆ ಮೀನಿಲ್ಲದೆ ಗಷ್ಟು ಇಳಿಯೋದಕ್ಕೆ ಎರಡು ದಿನ ಪೂರ್ತಿ ಬೇಕು. ಅಷ್ಟೂ ಹೊತ್ತು ಪೀಪಾಯಿ ಅಲ್ಲಾಡಬಾರದು. ಯಾರಾದ್ರೂ ಅಲ್ಲಾಡಿಸಿದ್ರೆ ಕೆಸರು ನೀರು ಕುಡೀಬೇಕಾಗುತ್ತೆ.”

ಗುರುವಾರ ಬೆಳಿಗ್ಗೆ, ರಜೆ ಹಾಕಿ, ಆರು ಚಿಕ್ಕ ಪೀಪಾಯಿಗಳನ್ನು ಶಾಮಣ್ಣ ತಾನೇ ಹಾಲಿಗೆ ತಂದು, ಬಾಣಂತಿ ಪಕ್ಕ ಮಗು ಮಲಗಿಸುವವನ ಹಾಗೆ ಮರದ ಸ್ಟ್ಯಾಂಡುಗಳ ಮೇಲೆ ಅಡ್ಡಡ್ಡ ಮಲಗಿಸಿದ. ಬೆಣೆ ಕೊಟ್ಟ, ನಲ್ಲಿ ಹೊಡೆದ, ಹೀಟರ್ ಆರಿಸಿ ಕೋಣೆಯನ್ನು ಐವತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಚಳಿಗೆ ತಂದ. ‘ಮುಟ್ಟಬೇಡಿ’ ಎಂದು ಕನ್ನಡ, ಇಂಗ್ಲಿಷ್, ತೆಲುಗು, ಹಿಂದಿಯಲ್ಲಿ ಬೋರ್ಡು ಬರೆದು ನೇತುಹಾಕಿದ. ಶುಕ್ರವಾರ ಎರಡು ಸಲ ಬಂದು ಕಿಟಕಿಯಲ್ಲಿ ಇಣುಕಿ ನೋಡಿಕೊಂಡು ಹೋದ.

ಶನಿವಾರ ಹನ್ನೊಂದಕ್ಕೆ ಅವನು ಬಾಗಿಲ ಜವಾಬ್ದಾರಿಯನ್ನು ಚಂದ್ರಶೇಖರನಿಗೆ ವಹಿಸಿ, ಭಾನುಮತಿ ಮಾಡಿಟ್ಟಿದ್ದ ಚಿತ್ರಾನ್ನ, ಮದ್ದೂರು ವಡೆ ತರಲು ಮನೆಗೆ ಹೋದ. ಅದೇ ಅವನು ಮಾಡಿದ ತಪ್ಪು.

ಚಂದ್ರಶೇಖರ್ ಮೈಸೂರಿನ ಹುಡುಗ, ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರು. ಯಾವ ಕೆಲಸಕ್ಕೂ ಮೊದಲು ‘ರಿಸ್ಕ್’ ಎಷ್ಟಿದೆ ಎಂದು ಪಟ್ಟಿ ಮಾಡುವವನು. ಖಾಲಿ ಹಾಲಿನಲ್ಲಿ ಒಬ್ಬನೇ ನಿಂತು ಪಟ್ಟಿ ಮಾಡುತ್ತಿದ್ದಾಗ, ಕಾರಿನ ಕೀಗೊಂಚಲಲ್ಲಿದ್ದ ದಿಕ್ಸೂಚಿಯ ಮೇಲೆ ಅವನ ಕಣ್ಣು ಬಿತ್ತು. ಆರು ಪೀಪಾಯಿಗಳೂ ದಕ್ಷಿಣಕ್ಕೆ ಮುಖ ಮಾಡಿದ್ದವು.

ಶಾಮಣ್ಣ ಪಾತ್ರೆ ಹೊತ್ತು ವಾಪಸು ಬಂದಾಗ ಗಂಟೆ ಹನ್ನೊಂದೂ ಮುಕ್ಕಾಲು. ಆರು ಪೀಪಾಯಿಗಳೂ ಪೂರ್ವಕ್ಕೆ ತಿರುಗಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟಿತ್ತು. ಅಷ್ಟರಲ್ಲಿ ಬಂದು ಕೈಜೋಡಿಸಿದ್ದ ವಿಶೇಷ ಸದಸ್ಯ ಬೆವರು ಒರೆಸಿಕೊಳ್ಳುತ್ತಿದ್ದ.

“ಒಂದು ಸಣ್ಣ ಕರೆಕ್ಷನ್ ಮಾಡಿದ್ವಿ ಸರ್,” ಎಂದ ಚಂದ್ರಶೇಖರ್. “ಎಲ್ಲಾ ಯಮನ ದಿಕ್ಕಿಗಿದ್ವು. ಮೊದಲನೇ ಫಂಕ್ಷನ್ನು, ವಾಸ್ತು ಸರಿ ಇರ್ಲಿ ಅಂತ. ಬಹಳ ಭಾರ ಇದಾವೆ ಸರ್, ಉರುಳಿಸ್ಬೇಕಾಯ್ತು.”

“ಉರುಳಿಸಿದ್ರಾ?”

“ಒಂದೆರಡು ಸುತ್ತು ಅಷ್ಟೆ.”

ಶಾಮಣ್ಣ ಚಿತ್ರಾನ್ನದ ಪಾತ್ರೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತ. ಜೊತೆಗೆ ಬಂದಿದ್ದ ಭಾನುಮತಿ ಅವನ ಮುಖ ನೋಡಿ, “ಬಿಪಿ ಮಾತ್ರೆ ತಗೊಂಡ್ರಾ?” ಎಂದಳು. ಅವನು ಎದ್ದು ಹೋಗಿ ಮದ್ದೂರು ಮೈಲ್ಡಿನ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದ. ಅಂಬಲಿ. ಸಾಕ್ಷಾತ್ ರಾಗಿ ಅಂಬಲಿ. ಮಿಕ್ಕ ಐದೂ ಹಾಗೆಯೇ, ಬಣ್ಣ ಮಾತ್ರ ಬೇರೆ.

“ನಾಲ್ಕು ಗಂಟೆ,” ಎಂದ ಕೊನೆಗೆ. “ಈಗಿಂದ ನಾಲ್ಕು ಗಂಟೆ ಒಂದಿಷ್ಟೂ ಅಲ್ಲಾಡದೆ ಇದ್ರೆ ಸ್ವಲ್ಪ ಇಳೀಬಹುದು. ಅಲ್ಲೀವರೆಗೂ ನಲ್ಲಿ ಮುಟ್ಟೋ ಹಾಗಿಲ್ಲ.”

“ಜನ ಹನ್ನೆರಡಕ್ಕೆ ಬರ್ತಾರಲ್ಲ ಸರ್. ಅವರಿಗೆ ಏನು ಹೇಳೋಣ?”

“ಕೂತ್ಕೊಳ್ಳಿ ಅಂತ ಹೇಳು.”

ತೊಂದರೆ ಇದ್ದದ್ದು ನೆಲದಲ್ಲಿ. ಹಳೆಯ ಹಲಗೆಯ ನೆಲ; ಬಾಗಿಲ ಬಳಿ ಒಬ್ಬ ಹೆಜ್ಜೆ ಇಟ್ಟರೆ ಆ ತುದಿಯಲ್ಲಿ ಪೀಪಾಯಿ ಜುಮ್ಮೆನ್ನುತ್ತಿತ್ತು. ಅಂಥ ನೆಲದ ಮೇಲೆ ಅರವತ್ತು ಜನ ಕನ್ನಡದವರನ್ನು ನಾಲ್ಕು ಗಂಟೆ ಕಾಲ ಅಲುಗಾಡದೆ ಕೂರಿಸಬೇಕಿತ್ತು.

ಜನ ಬಂದರು. ಪರ್ಮಿಟ್ಟಿನ ಪ್ರಕಾರ ಮಕ್ಕಳಿಗೆ ಪ್ರವೇಶವಿರಲಿಲ್ಲ, ಅದೊಂದು ಪುಣ್ಯ. ಬಾಗಿಲಲ್ಲೇ ಭಾನುಮತಿ ಎಲ್ಲರ ಶೂ ಬಿಚ್ಚಿಸಿ, ಬೆರಳ ತುದಿಯಲ್ಲಿ ನಡೆಸಿ, ಕುರ್ಚಿಗೆ ಕೂರಿಸಿ, ಕೈಗೆ ಚಿತ್ರಾನ್ನದ ತಟ್ಟೆ ಕೊಟ್ಟಳು. ರೇಷ್ಮೆ ಸೀರೆಯ ಮೇಲೆ ಸ್ಕೀಯಿಂಗ್ ಜಾಕೆಟ್ಟು ತೊಟ್ಟ ಹೆಂಗಸರು, ಮಂಕಿ ಕ್ಯಾಪು ಹಾಕಿದ ಗಂಡಸರು ಐವತ್ತೈದು ಡಿಗ್ರಿಯಲ್ಲಿ ಸಾಲಾಗಿ ಕೂತರು. ಶಾಮಣ್ಣ ಮುಂದೆ ನಿಂತು ಪಿಸುಮಾತಿನಲ್ಲಿ ಸ್ವಾಗತ ಭಾಷಣ ಮಾಡಿದ. ಚಪ್ಪಾಳೆ ಬೇಡ, ಎರಡು ಕೈ ಎತ್ತಿ ಆಡಿಸಿ ಸಾಕು ಎಂದ. ಅರವತ್ತು ಜೊತೆ ಕೈಗಳು ಮೇಲಕ್ಕೆದ್ದು ಆಡಿದವು.

“ಈಗ ಒಂದು ನಿಮಿಷ ಮೌನ.”

ಮೌನ ಶುರುವಾಯಿತು. ಅದನ್ನು ಮುಗಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹನ್ನೆರಡೂವರೆಗೆ ಬಂದ ಪೂಜಿತಾ ಎಂಬ ಹೊಸ ಹುಡುಗಿ, ಎಲ್ಲರೂ ತಲೆ ತಗ್ಗಿಸಿ ಕೂತಿರುವುದನ್ನೂ ಮುಂದೆ ಅರಿಶಿನ ಕುಂಕುಮ ಇಟ್ಟ ಆರು ಪೀಪಾಯಿಗಳನ್ನೂ ನೋಡಿ ಗಾಬರಿಯಾಗಿ ಭಾನುಮತಿಯ ಕಿವಿಯಲ್ಲಿ, “ಆಂಟಿ, ಯಾರು ಹೋದ್ರು?” ಎಂದಳು.

“ಯಾರೂ ಹೋಗಿಲ್ಲ ಕಣಮ್ಮ. ಬಿಯರ್ ಮಲಗಿದೆ. ತಗೋ, ವಡೆ. ಮೆತ್ತಗೆ ಅಗಿ.”

ಮದ್ದೂರು ವಡೆಯನ್ನು ಮೆತ್ತಗೆ ಅಗಿಯುವುದು ಸುಲಭವಲ್ಲ. ಕರುಂ ಕುರುಂ ಸದ್ದು ಒಂದು ಮೂಲೆಯಿಂದ ಹೊರಟರೆ ಎಲ್ಲರೂ ಆ ಕಡೆ ಹುಬ್ಬು ಗಂಟಿಕ್ಕುತ್ತಿದ್ದರು. ಈರಬಸಪ್ಪನಿಗೆ ಸೀನು ಬಂತು. ಮೂಗು ಹಿಡಿದುಕೊಂಡು, ತುದಿಗಾಲಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು ಪಾರ್ಕಿಂಗ್ ಲಾಟಿನವರೆಗೆ ಹೋಗಿ ಸೀನಿ ಬಂದ. ಒಂದು ಗಂಟೆಗೆ ಉಪಾಧ್ಯಕ್ಷರ ಭಾಷಣವಿತ್ತು. ಚಂದ್ರಶೇಖರ್ ಹನ್ನೆರಡು ಸ್ಲೈಡುಗಳನ್ನು ಒಂದೂ ಮಾತಿಲ್ಲದೆ ತೋರಿಸಿದ. ವೇದಿಕೆಯ ಇತಿಹಾಸದಲ್ಲೇ ಅವನ ಅತ್ಯುತ್ತಮ ಭಾಷಣ ಅದು ಎಂದು ಆಮೇಲೆ ಹಲವರು ಹೇಳಿದರು. ಎರಡು ಗಂಟೆ ಹೊತ್ತಿಗೆ ಮುಂದಿನ ಸಾಲಿನಲ್ಲಿ ಮೂವರು ನಿದ್ದೆ ಹೋಗಿದ್ದರು. ಗೊರಕೆ ಹೊಡೆಯದವರನ್ನು ಹಾಗೇ ಬಿಡಲಾಯಿತು.

ಸಿಯಾಟಲ್‌ನ ಯಾವುದೋ ಬಿಯರ್ ಕ್ಲಬ್ಬಿನಿಂದ ಆರು ಜನ ಗಡ್ಡದ ಅಮೆರಿಕನ್ನರೂ ಬಂದಿದ್ದರು. ಅವರು ಎಷ್ಟೋ ಹಬ್ಬ ನೋಡಿದವರು. ಕುಡಿಯುವ ಮುನ್ನ ಇಷ್ಟು ಹೊತ್ತು ಧ್ಯಾನ ಮಾಡುವ ಜನರನ್ನು ನೋಡಿ ಅವರಿಗೆ ಮಾತೇ ಹೊರಡಲಿಲ್ಲ. ಹೊರಟಿದ್ದರೂ ಭಾನುಮತಿ ಬಿಡುತ್ತಿರಲಿಲ್ಲ. ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದರು. ಒಬ್ಬ ಮಾತ್ರ ಆಗಾಗ ಕಣ್ಣು ತೆರೆದು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ.

ಶಾಮಣ್ಣ ಪೀಪಾಯಿಗಳ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ವಾಚು ನೋಡಿದರೆ ಕೈ ಅಲುಗುತ್ತದೆ ಎಂದು ಗೋಡೆ ಗಡಿಯಾರ ನೋಡುತ್ತಿದ್ದ. ಅಧ್ಯಕ್ಷನಾದ ಮೇಲೆ ಅವನು ಇಷ್ಟು ಹೊತ್ತು ಒಂದೂ ಸೂಚನೆ ಕೊಡದೆ ಇದ್ದದ್ದು ಇದೇ ಮೊದಲು. ತಾನು ನಾಲ್ಕು ವರ್ಷ ಪಟ್ಟ ಪಾಡು ಈಗ ತಾನೇ ಕೈಕಟ್ಟಿ ಕೂತಿರುವುದರ ಮೇಲೆ ನಿಂತಿದೆ ಎಂಬುದು ಅವನಿಗೆ ಅರ್ಥವಾಗಿತ್ತು. ಅದು ಅವನಿಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಸರಿಯಾಗಿ ನಾಲ್ಕಕ್ಕೆ ವಾಲ್ಟ್ ಬಂದ. ದಪ್ಪ ಬೂಟು ಹಾಕಿಕೊಂಡು ಒಂದು ಹೆಜ್ಜೆ ಒಳಗಿಟ್ಟದ್ದೇ ತಡ, ಅರವತ್ತಾರು ಜನ ಒಟ್ಟಿಗೆ “ಶ್” ಎಂದರು. ಮುದುಕ ಅಲ್ಲೇ ಕೂತು ಬೂಟು ಬಿಚ್ಚಿ, ತೂತು ಕಾಲುಚೀಲದಲ್ಲಿ ತುದಿಗಾಲು ಹಾಕುತ್ತಾ ಬಂದ.

ಶಾಮಣ್ಣ ಒಂದೊಂದೇ ನಲ್ಲಿ ತಿರುಗಿಸಿದ. ಮೊದಲ ಐದು ಪರವಾಗಿಲ್ಲ ಅನ್ನುವಷ್ಟು ತಿಳಿಯಾಗಿದ್ದವು. ಆರನೆಯದು ಮದ್ದೂರು ಮೈಲ್ಡ್. ವಾಲ್ಟ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆಳಕು ಆ ಕಡೆಯೇ ಉಳಿಯಿತು. ರಾಗಿ ಒಂದಿಷ್ಟೂ ಇಳಿದಿರಲಿಲ್ಲ.

“ಇದನ್ನ ಯಾರೋ ಅಲ್ಲಾಡಿಸಿದಾರೆ,” ಎಂದ.

ಎಲ್ಲರೂ ಚಂದ್ರಶೇಖರನನ್ನು ನೋಡಿದರು. ಶಾಮಣ್ಣ ಒಂದು ಕ್ಷಣ ಅವನ ಕಡೆ ನೋಡಿ, ಆಮೇಲೆ ಹೆಗಲು ಸರಿಮಾಡಿಕೊಂಡ. “ಅಧ್ಯಕ್ಷ ನಾನು. ತಪ್ಪು ನಂದೇ. ತಿರುಗಿಸಿದ್ದು ನಾನೇ ಅಂದ್ಕೊ.”

ಹಾಗೆ ಹೇಳಿ ಅವನು ದೊಡ್ಡವನಾಗಿಬಿಡುತ್ತಿದ್ದ. ಆದರೆ ಚಂದ್ರಶೇಖರ್ ಬಿಡಲಿಲ್ಲ.

“ಇಲ್ಲ ಸರ್, ಕ್ಷಮಿಸಿ. ಅದು ಪೂರ್ತಿ ನನ್ನ ಐಡಿಯಾ. ಕ್ರೆಡಿಟ್ ನನಗೇ ಬರಬೇಕು,” ಎಂದು ವಾಲ್ಟನಿಗೆ ದಿಕ್ಕುಗಳ ವಿಚಾರ ವಿವರಿಸಲು ಶುರು ಮಾಡಿದ. ದಕ್ಷಿಣ ಯಾಕೆ ಆಗದು, ನೈಋತ್ಯದಲ್ಲಿ ಏನಿರಬೇಕು, ಈಶಾನ್ಯದಲ್ಲಿ ನೀರು ಯಾಕೆ. “ನಿಮ್ಮ ಶೆಡ್ಡಲ್ಲಿ ವಾಯುವ್ಯ ಮೂಲೇಲಿ, ಅಂದ್ರೆ ಉತ್ತರ ಪಶ್ಚಿಮದಲ್ಲಿ, ಏನಾದ್ರೂ ಇಟ್ಟಿದೀರಾ? ಅಲ್ಲಿಟ್ಟಿದ್ದು ಹುಳಿ ಬರಬೇಕಲ್ಲ.”

ವಾಲ್ಟನ ಕೈಯ ಲೋಟ ಅರ್ಧಕ್ಕೇ ನಿಂತಿತು. “ಅದು ನಿನಗೆ ಹೇಗೆ ಗೊತ್ತು?” ಎಂದ. “ಒಂಬತ್ತು ವರ್ಷದಿಂದ ಆ ಮೂಲೆ ಪೀಪಾಯಿ ಹುಳಿ ಬರ್ತಿದೆ. ಮೂರು ಸಲ ಪೀಪಾಯಿ ಬದಲಾಯಿಸಿದೆ. ಪ್ಲಂಬರ್ ಕರೆಸಿದೆ.”

“ಪ್ಲಂಬರ್ ಏನು ಮಾಡ್ತಾನೆ ಸರ್?” ಎಂದ ಚಂದ್ರಶೇಖರ್ ಕನಿಕರದಿಂದ. ಇಬ್ಬರೂ ಮೂಲೆಗೆ ಹೋಗಿ ಕೂತು ಕಾಗದದ ಮೇಲೆ ಶೆಡ್ಡಿನ ನಕ್ಷೆ ಬರೆಯತೊಡಗಿದರು.

ಶಾಮಣ್ಣ ಅಂಬಲಿಯ ಲೋಟ ಹಿಡಿದು ಒಬ್ಬನೇ ನಿಂತ. ಗಂಟೆ ನಾಲ್ಕು ಹತ್ತು. ಇಪ್ಪತ್ತು ಲೀಟರ್ ರಾಗಿ, ಐವತ್ತು ನಿಮಿಷ. ಜನ ಎದ್ದು, ಮೈ ಮುರಿದು, ತಿಳಿಯಾದ ಐದು ಪೀಪಾಯಿಗಳ ಮುಂದೆ ಸಾಲು ನಿಂತರು. ಆರನೆಯದರ ಮುಂದೆ ಯಾರೂ ಇಲ್ಲ.

ಈರಬಸಪ್ಪ ಮೊದಲ ಪೀಪಾಯಿಯ ಏಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. “ಶಾಮಣ್ಣೋರೆ, ಇದು ಇಷ್ಟು ತಿಳಿಯಾಗಿದ್ದು ಹೆಂಗೆ?”

“ಸುಮ್ಮನೆ ಕೂತಿದ್ವಲ್ಲ ಎಲ್ಲಾ, ಅದಕ್ಕೆ.”

“ಮುದುಕ ನಮಗೆ ಗೊತ್ತಾಗದಂಗೆ ಒಂಚೂರು ಮೀನು ಹಾಕಿಲ್ಲ ಅಂತ ಏನು ಗ್ಯಾರಂಟಿ?”

“ನಾನು ಹೇಳ್ತಿದೀನಲ್ಲ.”

“ನೀವು ಮೊದಲು ಅಂಟು ಅಂದಿದ್ರಿ.” ಈರಬಸಪ್ಪನ ಕಣ್ಣು ಶಾಮಣ್ಣನ ಕೈಯ ಲೋಟದ ಮೇಲೆ ಬಿತ್ತು. ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಬೆಳಕು ತೂರಲಿಲ್ಲ. ಅವನ ಮುಖ ಅರಳಿತು. “ಇದರಾಗೆ ಇಲ್ಲ ನೋಡ್ರಿ. ಮೀನು ಬಿದ್ದಿದ್ರೆ ಹಿಂಗಿರಕ್ಕೆ ಸಾಧ್ಯಾನೇ ಇಲ್ಲ.”

ಒಂದೇ ಗುಟುಕಿಗೆ ಅರ್ಧ ಕುಡಿದು, ತಿರುಗಿ, ನಾಲ್ಕು ಗಂಟೆ ಒಳಗೇ ಹಿಡಿದಿಟ್ಟಿದ್ದ ಗಂಟಲನ್ನು ಪೂರ್ತಿ ಬಿಟ್ಟು ಸಾರಿದ: “ಸಸ್ಯಾಹಾರಿಗಳೆಲ್ಲ ಈ ಕಡೆ ಬರ್ರಿ. ಕದಡಿರೋದೇ ಶುದ್ಧ.”

ಐದು ಸಾಲುಗಳು ಒಡೆದವು. ಮೂವತ್ತು ಮೂವತ್ತೈದು ಜನ ಆರನೇ ಪೀಪಾಯಿಗೆ ಮುತ್ತಿದರು. ಲೋಟದಲ್ಲಿ ಸ್ವಲ್ಪ ತಿಳಿ ಕಂಡರೂ ಅನುಮಾನಪಟ್ಟು, “ಇನ್ನೊಂಚೂರು ಗಟ್ಟಿಯಾಗಿ ಬರಲಿ ಅಂಕಲ್, ಅಲ್ಲಾಡಿಸಿ ಕೊಡಿ,” ಎಂದು ಕೇಳಿದರು. ಎರಡು ದಿನ ನಾಲ್ಕು ಭಾಷೆಯಲ್ಲಿ ಮುಟ್ಟಬೇಡಿ ಎಂದು ಬರೆದು ಹಾಕಿದ್ದ ಶಾಮಣ್ಣ ತನ್ನ ಎರಡೂ ಕೈಯಲ್ಲಿ ಪೀಪಾಯಿ ಹಿಡಿದು ಕುಲುಕಿ ಕುಲುಕಿ ಕೊಟ್ಟ. ಗಡ್ಡದವರು, ಇದು ಧ್ಯಾನದ ಮುಂದಿನ ಹಂತ ಇರಬೇಕೆಂದು, ತಾವೂ ಸಾಲಿಗೆ ನಿಂತರು. ಐದಕ್ಕೆ ಹನ್ನೆರಡು ನಿಮಿಷ ಇದ್ದಾಗ ನಲ್ಲಿಯಿಂದ ಒಂದು ಗಾಳಿಯ ಸದ್ದು ಬಂತು. ಪೀಪಾಯಿ ಬಗ್ಗಿಸಿದರು. ಖಾಲಿ.

ವಾಲ್ಟ್ ಬಂದು ಒಳಗೆ ಟಾರ್ಚು ಬಿಟ್ಟು ನೋಡಿದ. ತಳದಲ್ಲಿ ಗಷ್ಟೂ ಉಳಿದಿರಲಿಲ್ಲ. “ಐವತ್ತು ವರ್ಷದಲ್ಲಿ ಗಷ್ಟನ್ನೂ ಕುಡಿದವರನ್ನ ನೋಡಿರಲಿಲ್ಲ,” ಎಂದ. “ಮಾತು ಮಾತೇ. ಶನಿವಾರ ಬಾ.”

ಮುಂದಿನ ಶನಿವಾರ ಶಾಮಣ್ಣ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಭಾನುಮತಿಯನ್ನೂ ಕ್ಯಾಮೆರಾವನ್ನೂ ಕರೆದುಕೊಂಡು ಇಸ್ಸಾಕ್ವಾಕ್ಕೆ ಹೋದ. ಕರಿಹಲಗೆಯ ಮೇಲೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಮದ್ದೂರು ಮೈಲ್ಡ್ ಎಂದು ಬರೆದಿತ್ತು. ಶಾಮಣ್ಣನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ, ಅದರ ಕೆಳಗೆ ಇನ್ನೊಂದು ಸಾಲು: ಸೋಮವಾರದವರೆಗೆ ಏನೂ ಇಲ್ಲ.

ಒಳಗಿನಿಂದ ಚಂದ್ರಶೇಖರನ ಧ್ವನಿ ಕೇಳಿಸಿತು. “ಇನ್ನೂ ಒಂಚೂರು ಎಡಕ್ಕೆ ವಾಲ್ಟ್. ಹಾಂ, ಈಗ ಕರೆಕ್ಟಾಗಿ ಪೂರ್ವ.” ಶೆಡ್ಡಿನ ನಲವತ್ತು ಪೀಪಾಯಿಗಳನ್ನೂ ಬೆಳಗಿನಿಂದ ಉರುಳಿಸಿ ತಿರುಗಿಸಲಾಗಿತ್ತು. ಮುಂದಿನ ಕೋಣೆಯಲ್ಲಿ ಖಾಯಂ ಗಿರಾಕಿಗಳು ಆರೇಳು ಮಂದಿ, ಬರಿಗಾಲಲ್ಲಿ, ಖಾಲಿ ಲೋಟ ಮುಂದಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದರು.

“ಮನೆಗೆ ಹೋಗೋಣ್ವಾ?” ಎಂದಳು ಭಾನುಮತಿ.

“ಶ್,” ಎಂದ ಶಾಮಣ್ಣ. ಶೂ ಬಿಚ್ಚಿಟ್ಟು, ತುದಿಗಾಲಲ್ಲಿ ಹೋಗಿ, ಹಲಗೆ ಚೆನ್ನಾಗಿ ಕಾಣುವ ಸ್ಟೂಲಿನ ಮೇಲೆ ನಿಧಾನಕ್ಕೆ ಕೂತ.